ನಾಳೆಯ ನೂರು ರೂಪಾಯಿಗೆ ಇಂದು ಬೆಲೆ ಎಷ್ಟು?

ತಾಳಿದವನು ಬಾಳಿಯಾನು ಎಂಬ ಗಾದೆ ನಮಗೆಲ್ಲ ಬಾಯಿಪಾಠ. ತಾಳುವುದು ಯಾಕಿಷ್ಟು ಕಷ್ಟ ಎಂಬುದನ್ನು ಮಾತ್ರ ಗಾದೆ ಹೇಳುವುದಿಲ್ಲ. ನಾನು ಮನಃಶಾಸ್ತ್ರದ ವಿದ್ಯಾರ್ಥಿ ಎಂದು ಗೊತ್ತಿರುವುದರಿಂದ, ಪರೀಕ್ಷೆ ಹತ್ತಿರವಾದಾಗಲೆಲ್ಲ ಸಂಘದ ಗೆಳೆಯರು ಒಂದೇ ಪ್ರಶ್ನೆ ಕೇಳುತ್ತಾರೆ: "ರಾತ್ರಿ ಮಲಗುವಾಗ ಐದಕ್ಕೆ ಎದ್ದು ಓದ್ತೀನಿ ಅಂತ ನಿಜವಾಗಿ ಅಂದ್ಕೊಂಡಿರ್ತೀವಿ. ಅಲಾರಂ ಹೊಡೆದಾಗ ಆ ಮನುಷ್ಯ ಎಲ್ಲಿ ಹೋಗ್ತಾನೆ ಮಾರಾಯ?" 'ಮನೋಬಲ ಸಾಲದು' ಎಂದು ಹಿರಿಯರು ಹೇಳುತ್ತಾರೆ. ಅದು ಕಾಯಿಲೆಗೆ ಹೆಸರಿಟ್ಟ ಹಾಗಾಯಿತೇ ಹೊರತು ಕಾರಣ ಹೇಳಿದ ಹಾಗಾಗಲಿಲ್ಲ.

ಒಂದು ಪೆನ್ಸಿಲ್ ತೆಗೆದುಕೊಳ್ಳಿ, ಲೆಕ್ಕ ಮಾಡೋಣ. ಕಾಯಬೇಕಾದಷ್ಟೂ ಬಹುಮಾನದ ಬೆಲೆ ಮನಸ್ಸಿನಲ್ಲಿ ಇಳಿಯುತ್ತದೆ. ಇದು ಯಾರಿಗೂ ಹೊಸದಲ್ಲ. ಆದರೆ ಹೇಗೆ ಇಳಿಯುತ್ತದೆ ಎಂಬುದರಲ್ಲಿ ಎಲ್ಲ ಗುಟ್ಟೂ ಇದೆ. ಜೇಮ್ಸ್ ಮೇಜರ್ ಎಂಬ ಅಮೆರಿಕದ ವಿಜ್ಞಾನಿ ಪಾರಿವಾಳಗಳ ಮೇಲೆ ಪ್ರಯೋಗ ಮಾಡಿ 1987ರಲ್ಲಿ ಒಂದು ಸೂತ್ರ ಕೊಟ್ಟರು. ಕಾಯುವ ಕಾಲವನ್ನು ಅವರವರ ಅಸಹನೆಯ ಅಂಕೆಯಿಂದ ಗುಣಿಸಿ, ಒಂದು ಕೂಡಿಸಿ, ಬಂದದ್ದರಿಂದ ಬಹುಮಾನವನ್ನು ಭಾಗಿಸಬೇಕು. ನಮ್ಮ ಅಂಕೆ ದಿನಕ್ಕೆ 1 ಎಂದು ಇಟ್ಟುಕೊಳ್ಳೋಣ.

ಇವತ್ತು 60 ರೂಪಾಯಿ, ಇಲ್ಲವೇ ನಾಳೆ 100. ಇವತ್ತಿನ 60ರ ಬೆಲೆ 60ೇ. ನಾಳೆಯ 100ನ್ನು 2ರಿಂದ ಭಾಗಿಸಿದರೆ 50. ಕೈ ತಾನಾಗಿ 60ರ ಕಡೆ ಹೋಗುತ್ತದೆ. ಈಗ ಇದೇ ಆಯ್ಕೆಯನ್ನು ಹತ್ತು ದಿನ ಮೊದಲೇ ನೋಡಿ. 60ನ್ನು 11ರಿಂದ ಭಾಗಿಸಿದರೆ ಸುಮಾರು 5.5, 100ನ್ನು 12ರಿಂದ ಭಾಗಿಸಿದರೆ 8.3. ನೂರೇ ಗೆದ್ದಿತು! ಮನುಷ್ಯ ಅದೇ, ಅಂಕೆ ಅದೇ, ದುಡ್ಡೂ ಅದೇ. ನಿಂತ ದೂರ ಮಾತ್ರ ಬೇರೆ. ದಿನಕ್ಕೆ ಅರ್ಧದಂತೆ ಒಂದೇ ಪ್ರಮಾಣದಲ್ಲಿ ಬೆಲೆ ಇಳಿಯುತ್ತಿದ್ದರೆ ಹೀಗೆ ತಿರುವುಮುರುವು ಆಗುತ್ತಲೇ ಇರಲಿಲ್ಲ. ಬೇಕಾದವರು ಭಾಗಿಸಿ ನೋಡಿ. ರಾತ್ರಿ ಐದಕ್ಕೆ ಏಳುತ್ತೇನೆಂದವನು ಸುಳ್ಳು ಹೇಳಿರಲಿಲ್ಲ. ಅವನು ದೂರದಿಂದ ಲೆಕ್ಕ ಹಾಕಿದ್ದ, ಅಷ್ಟೆ.

ಹಾಗಾದರೆ ದಾರಿ ಏನು? ಇದಕ್ಕೂ ಪಾರಿವಾಳವೇ ಗುರು. ಹೋವರ್ಡ್ ರಾಕ್ಲಿನ್ ಮತ್ತು ಲಿಯೊನಾರ್ಡ್ ಗ್ರೀನ್ 1972ರಲ್ಲಿ ಪ್ರಕಟಿಸಿದ ಪ್ರಯೋಗವಿದು. ಒಂದು ಗುಂಡಿ ಕುಕ್ಕಿದರೆ ತಕ್ಷಣ 2 ಸೆಕೆಂಡು ಕಾಳು. ಇನ್ನೊಂದನ್ನು ಕುಕ್ಕಿದರೆ 4 ಸೆಕೆಂಡು ಕಾದ ಮೇಲೆ 4 ಸೆಕೆಂಡು ಕಾಳು. ಹಕ್ಕಿಗಳು ತಕ್ಷಣದ್ದನ್ನೇ ಕುಕ್ಕಿದವು. ಆಮೇಲೆ ಅವಕ್ಕೆ ಇನ್ನೊಂದು ಅನುಕೂಲ ಕೊಟ್ಟರು: ಆ ಆಯ್ಕೆ ಬರುವ ಕೆಲವು ಸೆಕೆಂಡು ಮೊದಲೇ, ಬೇಕಿದ್ದರೆ ಚಿಕ್ಕ ಬಹುಮಾನದ ಬಾಗಿಲನ್ನೇ ಮುಚ್ಚಿಬಿಡಬಹುದು. ಆ ಅಂತರ ಸಾಕಷ್ಟು ದೊಡ್ಡದಾದಾಗ ಹಕ್ಕಿಗಳು ಬಾಗಿಲು ಮುಚ್ಚುವುದನ್ನೇ ಆರಿಸಿಕೊಂಡವು. ಮನೋಬಲದ ಮೇಲೆ ಯಾವ ಭಾಷಣವನ್ನೂ ಕೇಳದ ಹಕ್ಕಿಗಳು, ನೋಡಿ!

ಮುಂಬಯಿಯ ಕನ್ನಡ ರಾತ್ರಿಶಾಲೆಗಳಲ್ಲಿ ಹಗಲು ಹೋಟೆಲಿನಲ್ಲಿ ದುಡಿದು ಓದಿದ ಒಂದು ಪೀಳಿಗೆಯೇ ಇತ್ತು. ಅವರನ್ನು ಉಕ್ಕಿನ ಮನಸ್ಸಿನವರೆಂದು ಹೊಗಳುತ್ತೇವೆ. ನನಗನ್ನಿಸುವುದು, ತರಗತಿಯ ಗಂಟೆ, ಹಾಜರಿ ಕೂಗುವ ಮೇಷ್ಟ್ರು, ಜೊತೆಗೆ ನಡೆದು ಬರುವ ಗೆಳೆಯ, ಇವೂ ಅರ್ಧ ಕೆಲಸ ಮಾಡುತ್ತಿದ್ದವು. ಒಬ್ಬನೇ ಕೋಣೆಯಲ್ಲಿ ಕೂತು ಓದುವವನಿಗೆ ಆ ಸೌಕರ್ಯವಿಲ್ಲ. ಮೊಬೈಲನ್ನು ರಾತ್ರಿಯೇ ಗೆಳೆಯನ ಕೈಗೆ ಕೊಡುವುದು, ಅಲಾರಮ್ಮನ್ನು ಎದ್ದು ಹೋಗಬೇಕಾದಷ್ಟು ದೂರ ಇಡುವುದು, ಇವೆಲ್ಲ ಹಕ್ಕಿಯ ಉಪಾಯಗಳೇ. ನಾಚಿಕೆಪಡಬೇಕಾದ್ದೇನಿಲ್ಲ.

ಕಾಲದಂತೆ ಶ್ರಮವೂ ಬಹುಮಾನದ ಬೆಲೆ ಇಳಿಸುತ್ತದೆ. ಅದೇ ಪುಸ್ತಕ ಮೇಜಿನ ಮೇಲಿದ್ದರೆ ಓದುತ್ತೇವೆ, ಅಟ್ಟದ ಮೇಲಿದ್ದರೆ 'ಅದರಲ್ಲೇನಿದೆ ಮಹಾ' ಅನ್ನಿಸುತ್ತದೆ. ನರಿಗೆ ದ್ರಾಕ್ಷಿ ಹುಳಿಯಾದದ್ದೂ ಹೀಗೇ ಏನೋ.

ಇಷ್ಟು ಹೇಳಿ ನಿಲ್ಲಿಸಿದರೆ ಒಂದು ಅನ್ಯಾಯವಾಗುತ್ತದೆ. ಕಾಯದವರೆಲ್ಲ ದೂರದ ಲೆಕ್ಕ ತಿಳಿಯದವರೇನಲ್ಲ. ಮಕ್ಕಳ ಮುಂದೆ ಒಂದು ಮಿಠಾಯಿ ಇಟ್ಟು, ಕಾದರೆ ಎರಡು ಕೊಡುತ್ತೇವೆನ್ನುವ ವಾಲ್ಟರ್ ಮಿಶೆಲ್ ಅವರ ಪರೀಕ್ಷೆ ನೀವು ಕೇಳಿರಬಹುದು. ಅದನ್ನೇ ಅಮೆರಿಕದ ರಾಚೆಸ್ಟರ್ ವಿಶ್ವವಿದ್ಯಾಲಯದ ಸಂಶೋಧಕರು ಸ್ವಲ್ಪ ಬದಲಿಸಿ ಮಾಡಿದರು. ಫಲಿತಾಂಶ 2013ರಲ್ಲಿ ಪ್ರಕಟವಾಯಿತು. ಮೊದಲು ಮಕ್ಕಳಿಗೆ ಚಿತ್ರ ಬರೆಯಲು ಹಳೆಯ ಬಣ್ಣದ ಕಡ್ಡಿಗಳನ್ನು ಕೊಟ್ಟು, ತಾಳಿದರೆ ಒಳ್ಳೆಯವು ಸಿಗುತ್ತವೆ ಎಂದರು. ಅರ್ಧದಷ್ಟು ಮಕ್ಕಳಿಗೆ ತಂದುಕೊಟ್ಟರು. ಉಳಿದವರಿಗೆ 'ಇಲ್ಲ, ಮುಗಿದುಹೋಗಿದೆ' ಎಂದರು. ಆಮೇಲೆ ಮಿಠಾಯಿ ಇಟ್ಟರು. ಮಾತು ಉಳಿದ ಗುಂಪಿನ ಮಕ್ಕಳು ಸರಾಸರಿ 12 ನಿಮಿಷ ಕಾದರು. ಮಾತು ತಪ್ಪಿದ ಗುಂಪಿನವರು 3 ನಿಮಿಷ. ಆ 3 ನಿಮಿಷದ ಮಗುವನ್ನು ಚಂಚಲ ಎನ್ನಲು ನನಗೆ ಬಾಯಿ ಬರುವುದಿಲ್ಲ. ಎರಡನೆಯ ಮಿಠಾಯಿ ಬರುತ್ತದೆಂದು ಅದು ಯಾರ ಮಾತಿನ ಮೇಲೆ ನಂಬಬೇಕಿತ್ತು?