ರಾಸು ಬಿಟ್ಟ ಹುಲ್ಲು, ಹಿತ್ತಲಿಗೆ ಹೊದಿಕೆ



ಬೆಳಿಗ್ಗೆ ಡೇರಿಗೆ ಹಾಲು ಹಾಕಿ ಬಂದು ಕೊಟ್ಟಿಗೆ ಗುಡಿಸುವಾಗ ಗೋದಲಿಯಲ್ಲಿ ಏನು ಉಳಿದಿರುತ್ತದೆ, ನೋಡಿ. ರಾಸು ಮೂಸಿ ಬಿಟ್ಟ ಸೀಮೆಹುಲ್ಲಿನ ದಂಟು, ಜೋಳದ ಕಡ್ಡಿ, ತುಳಿದ ರಾಗಿ ಹುಲ್ಲು ಸೇರಿ ಒಂದು ಮಂಕರಿಯಾದರೂ ಆಗುತ್ತದೆ. ಅದೆಲ್ಲ ತಿಪ್ಪೆಗೆ ಹೋಗುತ್ತದೆ. ಅದೇ ಮನೆಯ ಹಿತ್ತಲಿನಲ್ಲಿ ಬದನೆ, ಟೊಮೇಟೊ, ಮೆಣಸಿನ ಗಿಡಗಳು ಮಾರ್ಚ್ ತಿಂಗಳ ಬಿಸಿಲಿಗೆ ಬಾಡಿ ನಿಂತಿರುತ್ತವೆ. ಬೆಳಿಗ್ಗೆ ಹೊತ್ತು ಹಾಕಿದ ನೀರು ಮಧ್ಯಾಹ್ನಕ್ಕೆ ಆರಿಹೋಗಿರುತ್ತದೆ.

ಈ ಹುಲ್ಲನ್ನು ಗಿಡದ ಸುತ್ತ ಹಾಸಿದರೆ ಬಿಸಿಲು ನೇರವಾಗಿ ಮಣ್ಣಿಗೆ ತಾಗುವುದಿಲ್ಲ. ತೇವ ಹೆಚ್ಚು ಹೊತ್ತು ನಿಲ್ಲುತ್ತದೆ, ಕಳೆ ಕಡಿಮೆಯಾಗುತ್ತದೆ, ಕೊನೆಗೆ ಅದೇ ಕೊಳೆತು ಗೊಬ್ಬರವಾಗುತ್ತದೆ. ನೀರು ಹೊರುವವರು ಹೆಚ್ಚಾಗಿ ಮನೆಯ ಹೆಣ್ಣುಮಕ್ಕಳೇ. ಅವರಿಗೆ ಈ ಲಾಭ ಬೇಗ ತಿಳಿಯುತ್ತದೆ.

ಹಾಸುವುದರಲ್ಲಿ ಒಂದು ಕ್ರಮವಿದೆ. ಬದುವಿನಿಂದ ಕೊಯ್ದ ಹಸಿ ಹುಲ್ಲನ್ನು ದಪ್ಪವಾಗಿ ಒಟ್ಟಿದರೆ ಒಳಗೆ ಕಾವೇರಿ, ಅಂಟಂಟಾಗಿ, ವಾಸನೆ ಬರುತ್ತದೆ. ಮೇಲಿನ ನೀರೂ ಕೆಳಗಿಳಿಯುವುದಿಲ್ಲ. ಆದ್ದರಿಂದ ಎರಡು ದಿನ ಬಿಸಿಲಿಗೆ ಹರಡಿ, ಬಾಡಿದ ಮೇಲೆ ಒಂದು ಅಂಗುಲದಷ್ಟು ಹಾಸಿ. ಅದು ಒಣಗಿ ಕುಗ್ಗಿದ ಮೇಲೆ ಮತ್ತೊಂದು ಪದರ ಹಾಕಿ. ಒಟ್ಟು ಎರಡು ಮೂರು ಅಂಗುಲ ಸಾಕು. ಮೊದಲು ನೀರು ಹಾಯಿಸಿ, ಆಮೇಲೆ ಹಾಸಬೇಕು. ಬುಡದ ಸುತ್ತ ನಾಲ್ಕು ಬೆರಳಗಲ ಜಾಗ ಖಾಲಿ ಇರಲಿ. ಕಾಂಡಕ್ಕೆ ತಾಗಿದರೆ ಬುಡ ಕೊಳೆಯುತ್ತದೆ. ದಪ್ಪ ದಂಟುಗಳನ್ನು ಗೇಣುದ್ದಕ್ಕಿಂತ ಚಿಕ್ಕದಾಗಿ ಕತ್ತರಿಸಿ.

ಒಣ ಕಡ್ಡಿ, ಹುಲ್ಲನ್ನು ಮಣ್ಣಿನೊಳಗೆ ಅಗೆದು ಸೇರಿಸಬೇಡಿ. ಅದು ಕೊಳೆಯುವಾಗ ಮಣ್ಣಿನ ಸಾರಜನಕವನ್ನು ಹೀರಿಕೊಳ್ಳುತ್ತದೆ, ಗಿಡದ ಎಲೆ ಹಳದಿಯಾಗುತ್ತದೆ. ಮೇಲೆಯೇ ಇರಲಿ. ಒಂದು ಪಾಲು ಗಂಜಲಕ್ಕೆ ಹತ್ತು ಪಾಲು ನೀರು ಬೆರೆಸಿ ಹೊದಿಕೆಯ ಮೇಲೆ ಚಿಮುಕಿಸಿದರೆ ಒಳ್ಳೆಯದು. ಗೆದ್ದಲು ಇರುವ ಜಾಗದಲ್ಲಿ ಒಣ ಕಡ್ಡಿಯನ್ನು ತೆಳ್ಳಗೆ ಹಾಕಿ, ಆಗಾಗ ಎತ್ತಿ ನೋಡುತ್ತಿರಿ.

ತೆನೆ ಬಂದು ಬೀಜ ಕಟ್ಟಿದ ಹುಲ್ಲನ್ನು ಹಾಸಿದರೆ ಕಳೆಯನ್ನು ನೀವೇ ಬಿತ್ತಿದಂತೆ. ಗರಿಕೆಯ ಬಳ್ಳಿ, ಗೆಣ್ಣಿರುವ ಹಸಿ ಸೀಮೆಹುಲ್ಲಿನ ದಂಟು ತೇವ ಸಿಕ್ಕರೆ ಚಿಗುರುತ್ತವೆ. ಅವನ್ನು ಪೂರ್ತಿ ಒಣಗಿಸಿಯೇ ಬಳಸಿ. ಕಳೆನಾಶಕ ಹೊಡೆದ ಬದುವಿನ ಹುಲ್ಲಂತೂ ಬೇಡವೇ ಬೇಡ. ರಾಗಿ, ಮುಸುಕಿನ ಜೋಳದಲ್ಲಿ ಬಳಸುವ ೨,೪-ಡಿ ಔಷಧಿಯಿಂದ ಟೊಮೇಟೊ, ಬದನೆಯ ಎಲೆ ಮುರುಟಿಕೊಳ್ಳುತ್ತವೆ. ಅಂಥ ಹುಲ್ಲನ್ನು ರಾಸಿಗೂ ಹಾಕಬಾರದು.

ಇನ್ನೊಂದು ಮಾತು. ಹೊದಿಕೆಗೆ ದಿನವೂ ಮಂಕರಿಗಟ್ಟಲೆ ಹುಲ್ಲು ಸಿಗುತ್ತಿದೆಯೆಂದರೆ ಸಂತೋಷಪಡಬೇಡಿ. ಅಷ್ಟು ಮೇವು ಪೋಲಾಗುತ್ತಿದೆ ಎಂದರ್ಥ. ಮೇವು ಕತ್ತರಿಸುವ ಯಂತ್ರದಲ್ಲಿ ಚಿಕ್ಕದಾಗಿ ತುಂಡರಿಸಿ ಹಾಕಿದರೆ ರಾಸು ದಂಟನ್ನೂ ತಿನ್ನುತ್ತದೆ. ತಿನ್ನಬಹುದಾದ ಹುಲ್ಲು ಮೊದಲು ರಾಸಿಗೆ, ಅದು ಒಲ್ಲೆನೆಂದದ್ದು ಮಾತ್ರ ಹಿತ್ತಲಿಗೆ. ಒಮ್ಮೆ ಹಾಸಿದ್ದನ್ನು ಮೇವಿನ ಅಭಾವವಾಯಿತೆಂದು ಎತ್ತಿ ತಂದು ಗೋದಲಿಗೆ ಹಾಕುವವರೂ ಇದ್ದಾರೆ. ಅದರಲ್ಲಿ ಬೂಷ್ಟು ಹಿಡಿದಿರುತ್ತದೆ. ಬೂಷ್ಟು ಹಿಡಿದ ಮೇವು ತಿಂದ ರಾಸು ಕಾಯಿಲೆ ಬೀಳಬಹುದು, ಅದರ ವಿಷ ಹಾಲಿಗೂ ಇಳಿಯಬಹುದು.

ಮಳೆ ಜೋರಾಗಿ ಹಿಡಿದ ಮೇಲೆ ಹೊದಿಕೆಯನ್ನು ಬುಡದಿಂದ ಇನ್ನಷ್ಟು ದೂರ ಸರಿಸಿ. ಇಲ್ಲವಾದರೆ ಅದರಡಿ ಬಸವನಹುಳು ಸೇರಿಕೊಂಡು ರಾತ್ರಿ ಎಳೆಯ ಸಸಿಗಳನ್ನು ಮೇಯುತ್ತವೆ.