ಗ್ರಾಫಿಕ್ಸ್ ಕಾರ್ಡ್ ಫ್ಯಾನ್ ಓಲಾಡುತ್ತಿದೆಯೇ?

ಗೇಮ್ ಶುರುವಾದ ಸ್ವಲ್ಪ ಹೊತ್ತಿಗೆ ಸಿಪಿಯು ಡಬ್ಬಿಯೊಳಗಿಂದ ಗರಗರ ಸದ್ದು. ಪಕ್ಕದ ಗಾಜು ತೆಗೆದು ನೋಡಿದರೆ ಗ್ರಾಫಿಕ್ಸ್ ಕಾರ್ಡಿನ ಒಂದು ಫ್ಯಾನ್ ಓಲಾಡುತ್ತ ತಿರುಗುತ್ತಿದೆ. ಕಾರ್ಡೇ ಹೋಯಿತೆಂದು ಹೆದರಬೇಡಿ. ಇಂಥ ಕಾರ್ಡುಗಳಲ್ಲಿ ಹೆಚ್ಚಿನ ಸಲ ಕೆಟ್ಟಿರುವುದು ಫ್ಯಾನ್ ಮಾತ್ರ, ಅದನ್ನಷ್ಟೇ ಬದಲಿಸಬಹುದು. ಆದರೆ ಬಿಚ್ಚುವ ಮೊದಲು ದೋಷ ಎಲ್ಲಿದೆ ಎಂಬುದು ಗೊತ್ತಾಗಬೇಕು.

ಮೊದಲು ಸದ್ದನ್ನು ಪರೀಕ್ಷಿಸಿ. ಎಂಎಸ್‌ಐ ಆಫ್ಟರ್‌ಬರ್ನರ್ ಉಚಿತ, ಬೇರೆ ಕಂಪನಿಗಳ ಕಾರ್ಡಿಗೂ ನಡೆಯುತ್ತದೆ. ಗೇಮ್ ಯಾವುದನ್ನೂ ತೆರೆಯದೆ, ಅದರಲ್ಲಿ ಫ್ಯಾನ್ ವೇಗವನ್ನು ಆಟೊದಿಂದ ತೆಗೆದು ಶೇ 30, 50, 70 ಎಂದು ಏರಿಸುತ್ತ ಹೋಗಿ. ವೇಗದ ಜೊತೆಗೇ ಆ ಗರಗರ ಸದ್ದೂ ಏರಿದರೆ ದೋಷ ಫ್ಯಾನಿನದು. ಗೇಮ್ ಓಡುವಾಗ ಮಾತ್ರ ಕೇಳುವ ಕೀರಲು ಸದ್ದು ಸಾಮಾನ್ಯವಾಗಿ ಕಾರ್ಡಿನ ಕಾಯಿಲ್‌ಗಳದ್ದು, ಫ್ಯಾನ್ ಬದಲಿಸಿದರೂ ಅದು ಹೋಗದು. ಯಾವುದೋ ಒಂದೇ ವೇಗದಲ್ಲಿ ನಡುಗಿ ಮುಂದಕ್ಕೆ ಸರಿಯಾದರೆ, ಆ ವೇಗದಲ್ಲಿ ನಿಲ್ಲದಂತೆ ಫ್ಯಾನ್ ಕರ್ವ್ (ಶಾಖಕ್ಕೆ ತಕ್ಕ ವೇಗ ಹೇಳುವ ಗೆರೆ) ತಿದ್ದಿದರೆ ಸಾಕಾಗಬಹುದು. ಕಾರ್ಡ್ ತಣ್ಣಗಿರುವಾಗ ಫ್ಯಾನ್ ನಿಂತೇ ಇದ್ದರೆ ಅದೂ ದೋಷವಲ್ಲ. ಈಗಿನ ಬಹಳಷ್ಟು ಕಾರ್ಡುಗಳಲ್ಲಿ ಶಾಖ 50–60 ಡಿಗ್ರಿ ದಾಟಿದ ಮೇಲೆಯೇ ಫ್ಯಾನ್ ತಿರುಗುತ್ತದೆ. ಎರಡು ಮೂರು ಫ್ಯಾನ್ ಇದ್ದರೆ ಹಳೆಯ ಪೇಪರನ್ನು ಕೊಳವೆಯಂತೆ ಸುತ್ತಿ, ಒಂದು ತುದಿಯನ್ನು ಕಿವಿಗಿಟ್ಟು ಇನ್ನೊಂದನ್ನು ಒಂದೊಂದೇ ಫ್ಯಾನಿನ ಹತ್ತಿರ, ರೆಕ್ಕೆಗೆ ತಾಗದಂತೆ ಹಿಡಿಯಿರಿ. ಸದ್ದು ಯಾವುದರದ್ದೆಂದು ತಿಳಿಯುತ್ತದೆ. ತಿರುಗುವ ರೆಕ್ಕೆಯನ್ನು ಬೆರಳಿನಿಂದ ನಿಲ್ಲಿಸಲು ಹೋಗಬೇಡಿ.

ಇನ್ನು ಕಂಪ್ಯೂಟರ್ ಆಫ್ ಮಾಡಿ, ಪವರ್ ಕೇಬಲ್ ಕಿತ್ತು, ಪವರ್ ಬಟನ್ ಕೆಲವು ಸೆಕೆಂಡ್ ಒತ್ತಿ ಉಳಿದ ವಿದ್ಯುತ್ ಖಾಲಿ ಮಾಡಿ. ಕ್ಯಾಬಿನೆಟ್ಟಿನ ಲೋಹದ ಭಾಗವನ್ನೊಮ್ಮೆ ಮುಟ್ಟಿ ಮೈಯ ಸ್ಥಿರ ವಿದ್ಯುತ್ ಕಳೆದುಕೊಳ್ಳಿ. ಕಾರ್ಡಿನ ಪವರ್ ಕನೆಕ್ಟರ್ ಬಿಡಿಸಿ, ಹಿಂಬದಿಯ ಸ್ಕ್ರೂ ತೆಗೆದು, ಸ್ಲಾಟಿನ ತುದಿಯಲ್ಲಿರುವ ಲಾಕ್ ಒತ್ತಿ ಕಾರ್ಡನ್ನು ನೇರವಾಗಿ ಮೇಲೆತ್ತಿ.

ನಿಜವಾದ ಪತ್ತೆ ಕೆಲಸ ಇಲ್ಲಿಂದ ಶುರು. ಫ್ಯಾನನ್ನು ಬೆರಳಿನಿಂದ ಮೆಲ್ಲಗೆ ಒಂದು ಸುತ್ತು ತಿರುಗಿಸಿ, ರೆಕ್ಕೆಯ ತುದಿಗೂ ಸುತ್ತಲಿನ ಪ್ಲಾಸ್ಟಿಕ್ ಕವಚಕ್ಕೂ ನಡುವಿನ ಸಂದನ್ನೇ ನೋಡುತ್ತಿರಿ. ಸಂದು ಒಂದು ಕಡೆ ಕಿರಿದಾಗಿ ಇನ್ನೊಂದು ಕಡೆ ಅಗಲವಾದರೆ ಫ್ಯಾನ್ ವಾಲಿದೆ. ಬಳಿಕ ಅದರ ನಡುವಿನ ದುಂಡು ಭಾಗವನ್ನು ಎರಡು ಬೆರಳಲ್ಲಿ ಹಿಡಿದು ಅಲ್ಲಾಡಿಸಿ. ಮೇಲೆ ಕೆಳಗೆ ಕೂದಲೆಳೆಯಷ್ಟು ಆಡಿದರೆ ಪರವಾಗಿಲ್ಲ. ಅಕ್ಕಪಕ್ಕಕ್ಕೆ ವಾಲಿದರೆ, ತಿರುಗಿಸುವಾಗ ಮರಳು ಸಿಕ್ಕಿಕೊಂಡ ಹಾಗೆ ತರಕಲಾದರೆ, ಬೇರಿಂಗ್ ಸವೆದಿದೆ. ಫ್ಯಾನ್ ಗಟ್ಟಿಯಾಗಿದ್ದು ಇಡೀ ಕವಚವೇ ಅಲುಗಿದರೆ ಸ್ಕ್ರೂ ಸಡಿಲವಾಗಿದೆ, ಬಿಗಿ ಮಾಡಿ. ಒಂದೇ ರೆಕ್ಕೆಗೆ ಧೂಳು ಗಂಟುಕಟ್ಟಿದ್ದರೂ, ವೈರ್ ತಾಗುತ್ತಿದ್ದರೂ ಓಲಾಟ ಬರುತ್ತದೆ.

ಧೂಳಿದ್ದರೆ ಒಣಗಿದ ಮೆತ್ತನೆಯ ಪೇಂಟ್ ಬ್ರಷ್ ಸಾಕು. ಬ್ಲೋವರ್ ಬಳಸುವುದಾದರೆ ರೆಕ್ಕೆಯನ್ನು ಕೈಯಲ್ಲಿ ಹಿಡಿದುಕೊಳ್ಳಿ. ಗಾಳಿಯ ರಭಸಕ್ಕೆ ಫ್ಯಾನ್ ಮಿತಿಮೀರಿ ತಿರುಗಿದರೆ ಒಳ್ಳೆಯ ಬೇರಿಂಗೂ ಹಾಳಾಗುತ್ತದೆ. ರೆಕ್ಕೆ ಮುರಿದಿದ್ದರೆ ಸಮತೋಲಕ್ಕೆಂದು ಎದುರಿನ ರೆಕ್ಕೆ ಮುರಿಯುವವರಿದ್ದಾರೆ. ಒಂಬತ್ತೋ ಹನ್ನೊಂದೋ ರೆಕ್ಕೆಯ ಫ್ಯಾನಿನಲ್ಲಿ ನೇರ ಎದುರಿನ ರೆಕ್ಕೆಯೇ ಇರುವುದಿಲ್ಲ. ಅಂಥದನ್ನು ಬದಲಿಸುವುದೇ ಸರಿ.

ಸವೆದ ಬೇರಿಂಗಿಗೆ ಎಣ್ಣೆ ಬಿಡುವ ಪದ್ಧತಿಯೂ ಇದೆ. ಸ್ಲೀವ್ ಬೇರಿಂಗ್ ಇದ್ದರೆ ಒಂದು ತೊಟ್ಟು ಹೊಲಿಗೆ ಮಿಷನ್ ಎಣ್ಣೆಯಿಂದ ಸದ್ದು ಕೆಲಕಾಲ ಇಳಿಯಬಹುದು. ಕೊಬ್ಬರಿ ಎಣ್ಣೆ ಖಂಡಿತ ಬೇಡ, ಚಳಿಗೆ ಅದು ಹೆಪ್ಪುಗಟ್ಟುತ್ತದೆ. ಹೊಸ ಫ್ಯಾನ್ ಬರುವ ತನಕದ ಉಪಾಯವಾಗಿ ಮಾತ್ರ ನಾನು ಇದನ್ನು ಒಪ್ಪುತ್ತೇನೆ. ಸವೆದುಹೋದ ಬೇರಿಂಗನ್ನು ಎಣ್ಣೆ ಮರಳಿ ಕಟ್ಟಿಕೊಡದು.

ವಾರಂಟಿ ಬಾಕಿಯಿದ್ದರೆ ಕಾರ್ಡ್ ಬಿಚ್ಚದೆ ಸರ್ವಿಸ್ ಸೆಂಟರಿಗೆ ಕೊಡಿ. ಮುಗಿದಿದ್ದರೆ ಕವಚ ಬಿಚ್ಚಿ. ಕೆಲವು ಕಾರ್ಡುಗಳಲ್ಲಿ ಕವಚದ ಸ್ಕ್ರೂ ತೆಗೆದರೆ ಫ್ಯಾನ್ ಕೈಗೆ ಸಿಗುತ್ತದೆ. ಇನ್ನು ಕೆಲವದರಲ್ಲಿ ಹೀಟ್‌ಸಿಂಕನ್ನೇ ಬಿಡಿಸಬೇಕು. ಹಾಗೆ ಬಿಡಿಸಿದರೆ ಥರ್ಮಲ್ ಪೇಸ್ಟ್ ಹೊಸದಾಗಿ ಹಚ್ಚಲೇಬೇಕು, ಥರ್ಮಲ್ ಪ್ಯಾಡ್ ಹರಿಯದಂತೆ ನೋಡಿಕೊಳ್ಳಬೇಕು. ಕನೆಕ್ಟರನ್ನು ವೈರ್ ಹಿಡಿದು ಎಳೆಯಬೇಡಿ. ಹೊಸ ಫ್ಯಾನ್ ತರಿಸುವಾಗ ಕಾರ್ಡಿನ ಹೆಸರಷ್ಟೇ ಸಾಲದು. ಹಳೆಯ ಫ್ಯಾನಿನ ಲೇಬಲ್ಲಿನಲ್ಲಿರುವ ಮಾಡೆಲ್ ಸಂಖ್ಯೆ, ವೋಲ್ಟ್, ಆಂಪಿಯರ್, ರೆಕ್ಕೆಗಳ ವ್ಯಾಸ, ಸ್ಕ್ರೂ ತೂತುಗಳ ಅಂತರ, ಕನೆಕ್ಟರಿನ ಪಿನ್ನುಗಳು, ತಿರುಗುವ ದಿಕ್ಕು ಎಲ್ಲವೂ ಹೊಂದಬೇಕು. ಒಂದು ಸವೆದಿದ್ದರೆ ಜೊತೆಯದೂ ಅಷ್ಟೇ ದುಡಿದಿರುತ್ತದೆ, ಜೋಡಿಯಾಗಿ ಬದಲಿಸಿ. ಜೋಡಿಸಿದ ಮೇಲೆ ಮತ್ತೆ ಶೇ 30ರಿಂದ 100ರವರೆಗೆ ವೇಗ ಏರಿಸಿ, ನಂತರ ಗೇಮ್ ಓಡಿಸಿ ಶಾಖ ಗಮನಿಸಿ.

ಸೆಕೆಂಡ್ ಹ್ಯಾಂಡ್ ಕಾರ್ಡ್ ಕೊಳ್ಳುವವರಿಗೆ ಈ ಬೆರಳಿನ ಪರೀಕ್ಷೆ ಇನ್ನೂ ಮುಖ್ಯ. 2022ರ ಸೆಪ್ಟೆಂಬರಿನಲ್ಲಿ ಎಥೀರಿಯಂ ಕ್ರಿಪ್ಟೊಕರೆನ್ಸಿಯ ಮೈನಿಂಗ್ ನಿಂತ ಮೇಲೆ, ಅದಕ್ಕಾಗಿ ಹಗಲೂ ರಾತ್ರಿ ಓಡಿದ ಕಾರ್ಡುಗಳು ಹಳೆಯ ಸಾಮಾನಿನ ಮಾರುಕಟ್ಟೆಗೆ ಬಂದವು. ಬೆಂಗಳೂರಿನ ಎಸ್‌.ಪಿ. ರಸ್ತೆಯಲ್ಲಾಗಲಿ ಬೇರೆಲ್ಲೇ ಆಗಲಿ, ಹಣ ಕೊಡುವ ಮುನ್ನ ಒಂದೊಂದು ಫ್ಯಾನಿನ ನಡುಭಾಗವನ್ನೂ ಹಿಡಿದು ಅಲ್ಲಾಡಿಸಿ ನೋಡಿ. ಸಡಿಲವಿದ್ದರೆ ಹೊಸ ಫ್ಯಾನಿನ ಖರ್ಚನ್ನು ಬೆಲೆಯಲ್ಲಿ ಇಳಿಸಲು ಕೇಳಿ.