ಬಿಎ ಮುಗಿಯಿತೇ? ಮೊದಲು ಅಂಕಪಟ್ಟಿ ತೆಗೆಯಿರಿ

ಬಿಎ ಮುಗಿಸಿದವರು ಸಾಮಾನ್ಯವಾಗಿ ಮೊದಲು ಹುಡುಕುವುದು ಕೋಚಿಂಗ್ ಸೆಂಟರ್. ಅದಕ್ಕೂ ಮುಂಚೆ ಮಾಡಬೇಕಾದ ಕೆಲಸ ಬೇರೆ ಇದೆ. ಅಂಕಪಟ್ಟಿ ಮುಂದಿಟ್ಟುಕೊಂಡು ಎರಡು ವಿಷಯ ಬರೆದುಕೊಳ್ಳಿ: ಒಟ್ಟು ಶೇಕಡಾ ಎಷ್ಟು, ಐಚ್ಛಿಕ ವಿಷಯಗಳು ಯಾವುವು. ಸಿಜಿಪಿಎ ಇದ್ದರೆ ಅದನ್ನು ಶೇಕಡಾಕ್ಕೆ ತರುವ ಲೆಕ್ಕವನ್ನು ಕಾಲೇಜಿನಲ್ಲೇ ಕೇಳಿ ತಿಳಿಯಿರಿ. ಮುಂದಿನ ಓದು ಬಹುಪಾಲು ಇವೆರಡರ ಮೇಲೆ ನಿಂತಿದೆ.

ಶೇಕಡಾ ಎಷ್ಟಿದ್ದರೆ ಏನು?

ಬಿಇಡಿಗೆ ಸಾಮಾನ್ಯ ವರ್ಗದವರಿಗೆ ಶೇ 50 ಬೇಕು. ಪರಿಶಿಷ್ಟ ಜಾತಿ, ಪಂಗಡ, ಪ್ರವರ್ಗ-1ಕ್ಕೆ ಶೇ 45 ಸಾಕು. ಮೂರು ವರ್ಷದ ಎಲ್‌ಎಲ್‌ಬಿಗೆ ಸಾಮಾನ್ಯ ವರ್ಗಕ್ಕೆ 45, ಹಿಂದುಳಿದ ವರ್ಗಕ್ಕೆ 42, ಪರಿಶಿಷ್ಟರಿಗೆ 40. ಬ್ಯಾಂಕಿನ ಐಬಿಪಿಎಸ್ ಪರೀಕ್ಷೆಗೆ ಪದವಿ ಪಾಸಾಗಿದ್ದರಾಯಿತು. 49.8 ಇದೆ, 50 ಎಂದೇ ಹಿಡಿಯುತ್ತಾರೆ ಎಂದು ನಂಬಿ ಕೂರಬೇಡಿ.

ಬಿಇಡಿ ಬಗ್ಗೆ ಒಂದು ಮಾತು ಒತ್ತಿ ಹೇಳಬೇಕು. ನಮ್ಮ ವಿಜಯಪುರ ಭಾಗದಲ್ಲಿ ಬಿಎ ಆಯಿತೆಂದರೆ ಬಿಇಡಿ ಎನ್ನುವುದು ರೂಢಿಯೇ ಆಗಿಬಿಟ್ಟಿದೆ. ಎರಡು ವರ್ಷ ಮತ್ತು ಶುಲ್ಕದ ಹಣ ಹಾಕಿ ಮುಗಿಸಿದ ಮೇಲೆ, ನೇಮಕಾತಿ ಅಧಿಸೂಚನೆಯಲ್ಲಿ ತಮ್ಮ ವಿಷಯ ಸಂಯೋಜನೆಯೇ ಇಲ್ಲ ಎಂದು ಗೊತ್ತಾದರೆ ಏನು ಮಾಡುವುದು? ಆದ್ದರಿಂದ ಪ್ರವೇಶಕ್ಕೆ ಮೊದಲೇ ಹಿಂದಿನ ಪದವೀಧರ ಪ್ರಾಥಮಿಕ ಶಿಕ್ಷಕರ ಮತ್ತು ಪ್ರೌಢಶಾಲಾ ಶಿಕ್ಷಕರ ಅಧಿಸೂಚನೆಗಳನ್ನು ತೆಗೆದು, ಯಾವ ಹುದ್ದೆಗೆ ಯಾವ ಐಚ್ಛಿಕ ವಿಷಯ ಕೇಳಿದ್ದಾರೆ ಎಂಬ ಪುಟವನ್ನು ಓದಿ. ಆರರಿಂದ ಎಂಟನೇ ತರಗತಿಗೆ ಕಲಿಸಲು ಟಿಇಟಿ ಎರಡನೇ ಪತ್ರಿಕೆಯೂ ಪಾಸಾಗಿರಬೇಕು: 150ಕ್ಕೆ ಸಾಮಾನ್ಯ ವರ್ಗದವರಿಗೆ 90 ಅಂಕ. ಒಮ್ಮೆ ಪಾಸಾದರೆ ಆ ಪ್ರಮಾಣಪತ್ರ ಜೀವನಪೂರ್ತಿ ಚಾಲ್ತಿಯಲ್ಲಿರುತ್ತದೆ.

ಎಂಎ ಮಾಡುವುದಾದರೆ

ತಿಕೋಟಾದಿಂದ ಅಥಣಿ ರಸ್ತೆ ಹಿಡಿದು ವಿಜಯಪುರಕ್ಕೆ ಬರುವ ಬಸ್ಸು ತೊರವಿಯ ಮೇಲೆಯೇ ಹಾಯುತ್ತದೆ. ಅಲ್ಲೇ ಇದೆ 2003ರಲ್ಲಿ ಶುರುವಾದ, ಈಗ ಅಕ್ಕಮಹಾದೇವಿಯ ಹೆಸರು ಹೊತ್ತ ರಾಜ್ಯ ಮಹಿಳಾ ವಿಶ್ವವಿದ್ಯಾಲಯ. ಶಕ್ತಿ ಯೋಜನೆಯಿಂದ ಹೆಣ್ಣುಮಕ್ಕಳಿಗೆ ಬಸ್ಸಿನ ಖರ್ಚೂ ಇಲ್ಲ. ‘ಊರು ಬಿಟ್ಟು ಕಳಸೂದಿಲ್ಲ’ ಎನ್ನುವ ಮನೆಯವರಿಗೆ ಸಂಜೆಯೊಳಗೆ ಮಗಳು ಮನೆಗೆ ಬರುತ್ತಾಳೆ ಎಂದು ಹೇಳಬಹುದು. ಬೆಳಗಾವಿಯ ರಾಣಿ ಚನ್ನಮ್ಮ ವಿಶ್ವವಿದ್ಯಾಲಯದ ಸ್ನಾತಕೋತ್ತರ ಕೇಂದ್ರವೂ ವಿಜಯಪುರದಲ್ಲಿದೆ. ದುಡಿಯುತ್ತಲೇ ಓದುವವರಿಗೆ ಇಗ್ನೊ ಮತ್ತು ಮೈಸೂರಿನ ಮುಕ್ತ ವಿಶ್ವವಿದ್ಯಾಲಯಗಳಿವೆ. ಧಾರವಾಡದ ವಿಶ್ವವಿದ್ಯಾಲಯಕ್ಕೆ ಹೋಗುವವರು ವಲಸೆ ಪ್ರಮಾಣಪತ್ರಕ್ಕೆ ಬೇಗ ಅರ್ಜಿ ಹಾಕಿಕೊಳ್ಳಲಿ.

ಎಂಎ ಮಾಡುವವರ ಕಣ್ಣು 55ರ ಮೇಲಿರಬೇಕು. ಉಪನ್ಯಾಸಕರಾಗಲು ಬೇಕಾದ ನೆಟ್ ಮತ್ತು ಕೆ-ಸೆಟ್ ಪರೀಕ್ಷೆಗಳಿಗೆ ಸಾಮಾನ್ಯ ವರ್ಗದವರಿಗೆ ಎಂಎಯಲ್ಲಿ ಶೇ 55 ಕಡ್ಡಾಯ. ಮೀಸಲು ವರ್ಗಗಳಿಗೆ 50.

ಇತಿಹಾಸದ ವಿದ್ಯಾರ್ಥಿಗಳಿಗೆ ವಿಜಯಪುರದಂಥ ಊರು ಅಪರೂಪ. 1656ರ ಗೋಳಗುಮ್ಮಟ, ಇಬ್ರಾಹಿಂ ರೋಜಾ, ಹೆಜ್ಜೆಗೊಂದು ಶಾಸನ. ಆದರೆ ಫಾರಸಿ ಶಾಸನಗಳನ್ನು ಓದಬಲ್ಲ ಕನ್ನಡದ ಹುಡುಗರು ಎಷ್ಟು ಮಂದಿ ಸಿಕ್ಕಾರು? ಬಿಎಲ್‌ಡಿಇ ಸಂಸ್ಥೆಯ ಡಾ. ಫ.ಗು. ಹಳಕಟ್ಟಿ ಸಂಶೋಧನಾ ಕೇಂದ್ರ ಆದಿಲ್‌ಶಾಹಿ ಕಾಲದ ಸಾಹಿತ್ಯವನ್ನು ಕನ್ನಡಕ್ಕೆ ತಂದಿದೆ. ಆ ಸಂಪುಟಗಳನ್ನು ತಿರುವಿ ಹಾಕಿದರೂ ಸಂಶೋಧನೆಗೆ ವಿಷಯ ಸಿಗುತ್ತದೆ. ಎಂಎ ನಂತರ ಗ್ರೇಟರ್ ನೋಯ್ಡಾದ ಪುರಾತತ್ವ ಸಂಸ್ಥೆಯಲ್ಲಿ ಎರಡು ವರ್ಷದ ಡಿಪ್ಲೊಮಾ ಮಾಡುವ ದಾರಿಯೂ ಇದೆ. ನಮ್ಮವರು ಅದರತ್ತ ತಿರುಗಿಯೂ ನೋಡುವುದಿಲ್ಲ ಎಂಬುದು ನನ್ನ ದೂರು.

ಕಾಗದಪತ್ರ ಈಗಲೇ ಮಾಡಿಸಿ

ರಾಜ್ಯ ಸರ್ಕಾರದ ನೇಮಕಾತಿಯಲ್ಲಿ ಒಂದರಿಂದ ಹತ್ತನೇ ತರಗತಿವರೆಗೆ ಗ್ರಾಮೀಣ ಪ್ರದೇಶದಲ್ಲಿ ಓದಿದವರಿಗೆ ಮೀಸಲಾತಿ ಇದೆ; ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ಬೇರೆ ಮೀಸಲಾತಿ ಇದೆ. ತಿಕೋಟಾ, ಬಬಲೇಶ್ವರ ಸುತ್ತಲ ಹಳ್ಳಿಗಳ ಎಷ್ಟೋ ಮಂದಿಗೆ ಎರಡೂ ಸಿಗುತ್ತವೆ. ಆದರೆ ಶಾಲೆಯ ಮುಖ್ಯ ಶಿಕ್ಷಕರ ಸಹಿ, ಅದರ ಮೇಲೆ ಕ್ಷೇತ್ರ ಶಿಕ್ಷಣಾಧಿಕಾರಿಯ ಮೇಲುಸಹಿ, ಎರಡೂ ಕಡೆ ಮೊಹರು ಬೇಕು. ಐದನೆಯವರೆಗೆ ಒಂದು ಶಾಲೆ, ಏಳರವರೆಗೆ ಇನ್ನೊಂದು, ಆಮೇಲೆ ಹೈಸ್ಕೂಲು ಎಂದು ಓದಿದ್ದರೆ ಮೂರೂ ಶಾಲೆಗಳ ಬಾಗಿಲು ತಟ್ಟಬೇಕು. ಅರ್ಜಿಯ ಕೊನೆಯ ದಿನಾಂಕದೊಳಗೆ ಪಡೆದ ಪತ್ರವೇ ನಡೆಯುತ್ತದೆ. ಅಧಿಸೂಚನೆ ಬಂದ ಮೇಲೆ ಓಡಾಡಿದರೆ ಮುಖ್ಯ ಶಿಕ್ಷಕರು ತರಬೇತಿಗೆ ಹೋಗಿರುತ್ತಾರೆ, ಸಾಹೇಬರು ಮೀಟಿಂಗ್‌ನಲ್ಲಿರುತ್ತಾರೆ.

ಕಲ್ಯಾಣ ಕರ್ನಾಟಕದ ಜಿಲ್ಲೆಗಳವರಿಗೆ ಸಿಗುವ 371-ಜೆ ಮೀಸಲಾತಿಯ ಪ್ರಮಾಣಪತ್ರ ನಮಗೆ ಸಿಗುವುದಿಲ್ಲ. ನಾವು ಹತ್ತುವ ಬಸ್ಸಿನ ಮೇಲೆ ಕಲ್ಯಾಣ ಕರ್ನಾಟಕ ಎಂದು ಬರೆದಿದ್ದರೂ ವಿಜಯಪುರ ಜಿಲ್ಲೆ ಆ ಸವಲತ್ತಿನ ಪಟ್ಟಿಯಲ್ಲಿಲ್ಲ. ಅರ್ಜಿಯಲ್ಲಿ ಆ ಕಲಂ ನೋಡಿ ಗಲಿಬಿಲಿಯಾಗಬೇಡಿ.

ಒಂದೇ ಪರೀಕ್ಷೆ ಹಿಡಿಯಿರಿ

ಎಫ್‌ಡಿಎ, ಪಿಡಿಒ, ಪಿಎಸ್‌ಐ, ಕೆಎಎಸ್ ಎಲ್ಲಕ್ಕೂ ಪದವಿ ಸಾಕು. ಎಲ್ಲಕ್ಕೂ ಒಟ್ಟಿಗೆ ಓದುತ್ತೇನೆ ಎನ್ನುವವರು ಮೂರು ವರ್ಷವಾದರೂ ಅದೇ ಗ್ರಂಥಾಲಯದ ಅದೇ ಕುರ್ಚಿಯಲ್ಲಿ ಕೂತಿರುತ್ತಾರೆ. ಕೆಪಿಎಸ್‌ಸಿ ಅಧಿಸೂಚನೆ ಯಾವಾಗ ಬರುತ್ತದೆಂದು ಯಾರೂ ಹೇಳಲಾರರು. ಬ್ಯಾಂಕ್ ಪರೀಕ್ಷೆಗೆ ಐಬಿಪಿಎಸ್ ವಾರ್ಷಿಕ ವೇಳಾಪಟ್ಟಿ ಹೊರಡಿಸುತ್ತದೆ. ಗ್ರಾಮೀಣ ಬ್ಯಾಂಕ್ ಪರೀಕ್ಷೆಯನ್ನು ಕನ್ನಡದಲ್ಲೇ ಬರೆಯಬಹುದು. ಧಾರವಾಡದ ವಿಕಾಸ ಗ್ರಾಮೀಣ ಬ್ಯಾಂಕ್ 2025ರ ಮೇ 1ರಿಂದ ಬಳ್ಳಾರಿ ಕೇಂದ್ರವಾದ ಕರ್ನಾಟಕ ಗ್ರಾಮೀಣ ಬ್ಯಾಂಕಿನಲ್ಲಿ ಸೇರಿಹೋಗಿದೆ, ಹಳೆಯ ಹೆಸರಿನಲ್ಲಿ ಹುಡುಕಬೇಡಿ. ಕಚೇರಿ ಸಹಾಯಕ ಹುದ್ದೆಯ ಪೂರ್ವಭಾವಿ ಪರೀಕ್ಷೆ 45 ನಿಮಿಷಕ್ಕೆ 80 ಪ್ರಶ್ನೆ, ಅರ್ಧ ತಾರ್ಕಿಕ, ಅರ್ಧ ಲೆಕ್ಕ. ಬಿಎ ಹುಡುಗರು ಸೋಲುವುದು ಲೆಕ್ಕದಲ್ಲೇ; ಎಸ್‌ಎಸ್‌ಎಲ್‌ಸಿಯ ಗಣಿತ ಪುಸ್ತಕದಿಂದ ಶುರು ಮಾಡಿದರೂ ನಾಚಿಕೆಯಿಲ್ಲ.

ಪರೀಕ್ಷೆಗೆ ಓದುವ ಹೊತ್ತಿನ ಖರ್ಚಿಗೆ ಒಂದು ನೆರವಿದೆ: ಪಾಸಾಗಿ 180 ದಿನವಾದರೂ ಕೆಲಸ ಸಿಗದ ಪದವೀಧರರಿಗೆ ರಾಜ್ಯ ಸರ್ಕಾರದ ಯುವನಿಧಿಯಲ್ಲಿ ತಿಂಗಳಿಗೆ 3,000 ರೂಪಾಯಿ, ಹೆಚ್ಚೆಂದರೆ ಎರಡು ವರ್ಷ. ಅರ್ಜಿ ಸೇವಾ ಸಿಂಧುವಿನಲ್ಲಿ. ಎಂಎಗೋ ಬಿಇಡಿಗೋ ಸೇರಿದವರು ಇದಕ್ಕೆ ಅರ್ಹರಲ್ಲ. ಅವರು ಅರ್ಜಿ ಹಾಕಬೇಕಾದದ್ದು ಎಸ್‌ಎಸ್‌ಪಿ ಪೋರ್ಟಲ್‌ನ ವಿದ್ಯಾರ್ಥಿವೇತನಕ್ಕೆ.